ಆಲಿಕಲ್ಲು ನದಿ ದಾಟುವುದಿಲ್ಲ

ವಿಲಾಂದ್ರಿ
8 ಜುಲೈ 2011

ಮಾಯೆಲ್,

ಮೂವತ್ತೊಂದು ಕಿಲೋಮೀಟರ್! ಎಪ್ಪತ್ತೊಂದು ವರ್ಷದ ಮುದುಕಿ, ತೀರಿಹೋದ ಗಂಡನ ಸೈಕಲ್ಲು, ಹಿಂದೆ ಎರಡು ಚೀಲ, ಮೂವತ್ತೊಂದು ಕಿಲೋಮೀಟರ್. ಬೇಕರಿ ಮುಂದೆ ನಿಂತು “ತೂರ್ ಪಟ್ಟಣ ದಾಟೋದ್ರೊಳಗೆ ಓಡಿಲ್ ವಾಪಸ್ ಬರ್ತಾಳೆ, ನೋಡ್ತಿರಿ” ಎಂದು ಹಲ್ಲು ಕಿರಿದಿದ್ದರಲ್ಲ, ನಾಳೆ ಬ್ರೆಡ್ಡಿಗೆ ಹೋದಾಗ ಅವರಿಗೆ ಈ ಸುದ್ದಿ ಮುಟ್ಟಿಸು. ಮುಟ್ಟಿಸಿ, ಅವರ ಮುಖ ಹೇಗಾಯಿತೆಂದು ನನಗೆ ಬರೆ.

ನನಗೆ ನಾಚಿಕೆಯಾಗುತ್ತಿದೆ ಮಾಯೆಲ್. ಲ್ವಾರ್ ನಮ್ಮ ಹಿತ್ತಲಿನಲ್ಲೇ ಹರಿಯುತ್ತದೆ. ಬಟ್ಟೆ ಒಣಹಾಕುವಾಗ ಕಾಣುತ್ತದೆ, ದ್ರಾಕ್ಷಿ ಬಳ್ಳಿ ಕಟ್ಟುವಾಗ ಕಾಣುತ್ತದೆ. ಬ್ರೆಸಿನಿಯ ಸೇತುವೆಯಿಂದ ಕೆಳಗಿನ ನಡುಗಡ್ಡೆಯವರೆಗೆ, ಅದೇ ನದಿ ಎಂದುಕೊಂಡು ಒಂದು ಜನ್ಮ ಕಳೆದೆ. ಇವತ್ತು ಆ ನಡುಗಡ್ಡೆಯ ಆಚೆ ಹೋದೆ ನೋಡು, ಅಬ್ಬಾ! ಒಂದೊಂದು ಮರಳದಿಬ್ಬವೂ ನಮ್ಮ ತೋಟದಷ್ಟಿದೆ. ನೀರು ಎಲ್ಲಿ ಮುಗಿಯಿತು ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗದೆ ಸೈಕಲ್ ನಿಲ್ಲಿಸಿ ಬಾಯಿಬಿಟ್ಟುಕೊಂಡು ನಿಂತೆ. ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಂಡೆಯ ಹಾದಿಯನ್ನೇ ಸಮ ಮಾಡಿ ಸೈಕಲ್ ದಾರಿ ಮಾಡಿದ್ದಾರೆ. ಹಾಲೆಂಡಿನ ಗಂಡ ಹೆಂಡತಿ ಇಬ್ಬರು ಗಂಟೆ ಬಾರಿಸಿ ನನ್ನನ್ನು ದಾಟಿ ಹೋದರು. ಬ್ಯಾಟರಿ ಸೈಕಲ್ಲು! ಹೋಗಲಿ ಬಿಡು, ಅವರಿಗೆ ನದಿ ಬೇಗ ಮುಗಿದುಹೋಗುತ್ತದೆ, ಪಾಪ.

ಹೊರಡುವ ಮುಂಚೆ ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ಸೆಪ್ಟೆಂಬರ್ ಒಂದಕ್ಕೆ ಸಿಲ್ವಾನ್ ಬರುತ್ತಾನೆ. ಮೂವರೂ ನೋಟರಿಯ ಮುಂದೆ ಕೂರಬೇಕು. ಮೂರೂವರೆ ಹೆಕ್ಟೇರ್ ಬಳ್ಳಿಯನ್ನು ತೂರ್‌ನ ವ್ಯಾಪಾರಿಗೆ ಮಾರಬೇಕೆಂದು ಅವನ ಆಸೆ. ಬೆಳೆಸಿಕೊಂಡು ಹೋಗಬೇಕೆಂದು ನಿನ್ನ ಆಸೆ. ಅವನು ನಾನು ಹೆತ್ತ ಮಗ. ನೀನು ಅವನು ಬಿಟ್ಟುಹೋದ ಹೆಂಡತಿ. ಉಂಡೂ ಹೋದ ಕೊಂಡೂ ಹೋದ ಎಂದು ಊರೆಲ್ಲ ಅವನನ್ನು ಬೈದಾಗ ನಾನೂ ಬೈದೆ, ಆದರೂ ಹೆತ್ತ ಕರುಳು ಕೇಳುವುದಿಲ್ಲ. ನನಗೆ ಇನ್ನೂ ತೀರ್ಮಾನವಾಗಿಲ್ಲ. ಯೋಚಿಸುವುದಕ್ಕೇ ಈ ಸವಾರಿ. ಸಮುದ್ರ ಮುಟ್ಟುವುದರೊಳಗೆ ಯೋಚಿಸುತ್ತೇನೆ.

ಮೊಬೈಲ್ ಅಡುಗೆಮನೆಯ ಡ್ರಾಯರ್‌ನಲ್ಲಿದೆ, ಅಲ್ಲೇ ಇರಲಿ. ಅದು ಜೊತೆಗಿದ್ದರೆ ಗಂಟೆಗೊಂದು ಸಲ ಫೋನ್ ಮಾಡಿ ಮೈಲುತುತ್ತ ಹೊಡೆದೆಯಾ ಎಂದು ನಿನ್ನ ಪ್ರಾಣ ತಿನ್ನುತ್ತೇನೆ. ಮುಂದಿನ ಊರಿನ ಅಂಚೆ ಕಚೇರಿಗೆ ನನ್ನ ಹೆಸರು ಹಾಕಿ ಬರೆ. ಹದಿನೈದು ದಿನ ಇಟ್ಟುಕೊಂಡಿರುತ್ತಾರೆ. ಯಾರಾದರೂ ಸತ್ತರೆ ಮಾತ್ರ ಪೊಲೀಸರಿಗೆ ಹೇಳಿ ಹುಡುಕಿಸು.

ಒಂದೇ ಮಾತು, ಆಮೇಲೆ ಬಾಯಿ ಮುಚ್ಚುತ್ತೇನೆ. ಗೋಡೆಯ ತೋಟದಲ್ಲಿ ಗೊಂಚಲ ಸುತ್ತಲಿನ ಎಲೆ ಕೀಳುವಾಗ ಬೆಳಗಿನ ಬಿಸಿಲು ಬೀಳುವ ಕಡೆ ಮಾತ್ರ ಕೀಳು. ಇನ್ನೊಂದು ಕಡೆ ಮುಟ್ಟಬೇಡ.

ಓಡಿಲ್


ಬ್ರೆಸಿನಿ
11 ಜುಲೈ

ಅತ್ತೆ,

ಸುದ್ದಿ ಮುಟ್ಟಿಸಿದೆ. ಬೇಕರಿಯಾಕೆ “ಮೂವತ್ತೊಂದಾ? ಇಳಿಜಾರು ಇದ್ದಿರ್ಬೇಕು” ಎಂದಳು. ನದಿ ಹರಿಯುವ ಕಡೆಗೇ ಅಲ್ಲವೇ ಹೋಗುತ್ತಿರುವುದು, ಸಮುದ್ರದವರೆಗೂ ಇಳಿಜಾರೇ ಎಂದೆ. ಅವಳು ನಂಬಿಬಿಟ್ಟಳು. ಈಗ ನೀವು ಕಾಲೆತ್ತಿ ಕೂತರೆ ಸಾಕು, ಸೈಕಲ್ ತಾನಾಗಿ ಹೋಗುತ್ತದೆಂದು ಊರಿಗೆಲ್ಲ ಹೇಳುತ್ತಿದ್ದಾಳೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೋಟರಿಯ ಮಾತಿರುವ ಭಾಗವನ್ನು ಎಷ್ಟು ಸಲ ಎಂದು ಹೇಳುವುದಿಲ್ಲ. ನೀವು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ನಾನೂ ನೇರವಾಗಿ ಹೇಳುತ್ತೇನೆ: ನನಗೆ ಈ ತೋಟ ಬೇಕು. ಸಿಲ್ವಾನ್ ಹೋದಮೇಲೆ ನಾಲ್ಕು ವರ್ಷದಿಂದ ಬೆಳಗ್ಗೆ ಎದ್ದು ನಾನು ಮಾಡುವುದು ಇದೊಂದೇ ಕೆಲಸ. ಇದು ಹೋದರೆ ಎದ್ದು ಏನು ಮಾಡಲಿ?

ಎಲೆ ಕೀಳುವ ಕೆಲಸ ಶುರುವಾಗಿದೆ. ಈ ವಾರ ಮಳೆಯಿದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಹೋದ ವರ್ಷ ಗೊಂಚಲೊಳಗೆ ತೇವ ಕೂತು ಕೊಳೆ ಬಂದದ್ದು ನೆನಪಿದೆಯಲ್ಲ. ಈ ಸಲ ಹಾಗಾಗಲು ಬಿಡುವುದಿಲ್ಲ. ನೀವು ಹೇಳಿದ್ದೆಲ್ಲ ನೆನಪಿದೆ.

ಈ ಪತ್ರ ಸೌಮುರ್‌ನ ಅಂಚೆ ಕಚೇರಿಯಲ್ಲಿ ಕಾಯುತ್ತಿರುತ್ತದೆ. ಬಿಸಿಲಿನಲ್ಲಿ ಟೋಪಿ ತೆಗೆಯಬೇಡಿ.

ಮಾಯೆಲ್


ಕಾಂದ್
13 ಜುಲೈ, ಸಂಜೆ

ಮಾಯೆಲ್,

ಇವತ್ತು ನಾನು ನೋಡಿದ್ದನ್ನು ತಕ್ಷಣ ಬರೆಯದಿದ್ದರೆ ನನ್ನ ತಲೆ ಒಡೆದುಹೋಗುತ್ತದೆ. ಊಟಕ್ಕೂ ಹೋಗಿಲ್ಲ. ಕೋಣೆ ಕೊಟ್ಟ ಹೆಂಗಸು “ಅಜ್ಜೀ, ಸೂಪು ಆರ್ತಿದೆ” ಎಂದು ಎರಡು ಸಲ ಕೂಗಿದಳು. ಆರಲಿ.

ಈ ಊರಿನಲ್ಲಿ ವಿಯೆನ್ ಹೊಳೆ ಬಂದು ಲ್ವಾರ್ ಸೇರುತ್ತದೆ. ಇಗರ್ಜಿಯ ಹಿಂದಿನ ಗುಡ್ಡಕ್ಕೆ ಸೈಕಲ್ ತಳ್ಳಿಕೊಂಡು ಹತ್ತಿದೆ. ಮೊಣಕಾಲು ನನಗೆ ಬಾಯಿಗೆ ಬಂದಂತೆ ಬೈದವು. ಹತ್ತಿ ನಿಂತರೆ ಕೆಳಗೆ ಎರಡು ಬಣ್ಣದ ನೀರು, ಒಂದು ಹಸಿರು, ಒಂದು ಮರಳಿನ ಬಣ್ಣ. ಬಹಳ ದೂರದವರೆಗೆ ಒಂದರ ಪಕ್ಕ ಒಂದು ಹೋಗುತ್ತವೆ. ಬೆರೆಯಲು ಅವಸರವೇ ಇಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬೀದಿಯಲ್ಲಿ ನಡೆದಂತೆ.

ಅಷ್ಟರಲ್ಲಿ ತಲೆಯೆತ್ತಿ ನಮ್ಮೂರ ದಿಕ್ಕಿಗೆ ನೋಡಿದೆ. ಅಯ್ಯೋ ದೇವರೇ, ಎಂಥ ಮೋಡ! ನನ್ನ ತಲೆಯ ಮೇಲೆ ಬಿಸಿಲು. ಅಲ್ಲಿ, ಅರವತ್ತು ಕಿಲೋಮೀಟರ್ ಆಚೆ, ನೆಲದಿಂದ ಎದ್ದು ಆಕಾಶದ ಬುಡಕ್ಕೆ ತಾಗಿ ಅಲ್ಲಿಂದ ಚಪ್ಪಟೆಯಾಗಿ ಹರಡಿದ ಬಿಳಿ ಮೋಡ. ಅದರ ಹೊಟ್ಟೆ ಕಡುನೀಲಿ, ಒಳಗೆ ಒಂದು ಥರದ ಹಸಿರು. ಮಿಂಚು ಹೊರಗೆ ಬರುತ್ತಲೇ ಇರಲಿಲ್ಲ, ಒಳಗೊಳಗೇ ಹೊತ್ತಿ ಆರುತ್ತಿತ್ತು. ಸದ್ದಿಲ್ಲ. ಗುಡ್ಡದ ಮೇಲಿದ್ದ ಇಪ್ಪತ್ತು ಮೂವತ್ತು ಜನರೂ ಅತ್ತಲೇ ತಿರುಗಿದರು. ನಾನು ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದೆ. ಭಯವಲ್ಲ, ಸಂತೋಷವೂ ಅಲ್ಲ. ಇಷ್ಟು ದೊಡ್ಡದೊಂದು ಲೋಕದಲ್ಲಿದೆ, ನನ್ನ ಕೇಳದೆ ಗೀಳದೆ ತನ್ನ ಪಾಡಿಗೆ ತಾನು ಇದೆ ಎನ್ನಿಸಿ ಕಣ್ಣಲ್ಲಿ ನೀರು ಬಂತು.

ಆ ಹಸಿರು ಎಂದರೆ ಆಲಿಕಲ್ಲು ಎಂದು ನಿನಗೂ ಗೊತ್ತು ನನಗೂ ಗೊತ್ತು. ಕೂಡಲೇ ಕೈಯಡ್ಡ ಹಿಡಿದು ಅಳೆದೆ: ಅದು ನದಿಯ ಬಡಗು ದಡದ ಮೇಲೇ ನಿಂತಿತ್ತು. ಆಲಿಕಲ್ಲು ನದಿ ದಾಟುವುದಿಲ್ಲ. ನನ್ನ ಅಜ್ಜ ಹೇಳುತ್ತಿದ್ದ, ಮಾವ ಹೇಳುತ್ತಿದ್ದರು, ನಾನೂ ಎಪ್ಪತ್ತು ವರ್ಷ ನೋಡಿದ್ದೇನೆ. ಲ್ವಾರ್ ಅದನ್ನು ತಡೆದು ನಿಲ್ಲಿಸುತ್ತದೆ. ನಿಜ ಹೇಳುತ್ತೇನೆ, ಬೈಯಬೇಡ: ಆಚೆ ದಡದವರು ನಮ್ಮ ವೈನನ್ನು “ತೆಂಕು ದಡದ ನೀರು” ಎಂದು ಹಂಗಿಸುತ್ತಾರಲ್ಲ, ಅವರಿಗೆ ಸ್ವಲ್ಪ ಬೀಳಲಿ ಎಂದುಕೊಂಡೆ. ಸ್ವಲ್ಪವೇ.

ಸೂಪು ಪೂರ್ತಿ ಆರಿರುತ್ತದೆ. ಹೋಗುತ್ತೇನೆ.

ಓಡಿಲ್


ಬ್ರೆಸಿನಿ
14 ಜುಲೈ
(ಅಂಚೆಗೆ ಹಾಕದ ಪತ್ರ)

ಅತ್ತೆ,

ಆಲಿಕಲ್ಲು ಬಿತ್ತು. ನಿನ್ನೆ ಸಂಜೆ ಆರೂವರೆಗೆ. ಎಂಟೇ ನಿಮಿಷ. ಅಕ್ರೋಡು ಗಾತ್ರದವು. ಹಂಚಿನ ಮೇಲೆ ಬಿದ್ದ ಸದ್ದಿಗೆ ನಾನು ಕೂಗಿಕೊಂಡದ್ದು ನನಗೇ ಕೇಳಿಸಲಿಲ್ಲ.

ಮೇಲಿನ ತೋಟಗಳು ಪರವಾಗಿಲ್ಲ, ಅಂಚಿಗೆ ತಗುಲಿದೆ. ಗೋಡೆಯ ತೋಟ ಹೋಯಿತು. ನೂರಕ್ಕೆ ಎಪ್ಪತ್ತು ಗೊಂಚಲು ಒಡೆದಿವೆ. ನಿಮ್ಮ ಅತಿ ಒಳ್ಳೆಯ ಬಳ್ಳಿಗಳು, ಮಾವ ನೆಟ್ಟವು.

ಇದಕ್ಕೆ ಆಕಾಶವನ್ನು ಬೈಯಬಹುದಿತ್ತು. ಆದರೆ ನಾನು ಎರಡೂ ಕಡೆಯ ಎಲೆ ಕಿತ್ತಿದ್ದೆ ಅತ್ತೆ. ಹನ್ನೆರಡನೇ ತಾರೀಕು ಮುಗಿಸಿದೆ. ಕೊಳೆ ಬಾರದಿರಲಿ, ನೀವು ವಾಪಸ್ ಬಂದಾಗ ಒಂದೊಂದು ಗೊಂಚಲೂ ಕನ್ನಡಿಯಂತಿರಲಿ, ನೋಡಿ “ಇವಳಿಗೆ ಕೊಡಬಹುದು” ಎಂದುಕೊಳ್ಳಬೇಕು ಎಂದು. ಗೊಂಚಲುಗಳು ಬೆತ್ತಲೆ ನಿಂತಿದ್ದವು. ಒಂದು ಎಲೆಯ ಆಸರೆಯೂ ಇರಲಿಲ್ಲ. ಗೋಡೆಯಾಚೆ ಫೂಷೆ ಮುದುಕನ ಬಳ್ಳಿ ಇದೆಯಲ್ಲ, ಅವನು ಎಲೆ ಕೀಳುವುದೇ ಇಲ್ಲ, ಪೊದೆಯಂತೆ ಬಿಟ್ಟಿದ್ದಾನೆ. ಅವನಿಗೆ ನೂರಕ್ಕೆ ಇಪ್ಪತ್ತೂ ಹೋಗಿಲ್ಲ. ಬೆಳಗ್ಗೆ ಗೋಡೆ ಮೇಲಿಂದ ಇಣುಕಿ ಹೇಳಿದ: “ಸೋಮಾರಿತನ ಕಾಪಾಡ್ತು ನೋಡವ್ವಾ. ನೀನು ಕಷ್ಟಪಟ್ಟು ಕೆಟ್ಟೆ.”

ನೀವು ಬೇಡ ಎಂದಿದ್ದಿರಿ. ಬರೆದೂ ಹೇಳಿದ್ದಿರಿ.


ಬ್ರೆಸಿನಿ
16 ಜುಲೈ

ಅತ್ತೆ,

ಕಾಂದ್‌ನಿಂದ ಬರೆದ ಮೋಡದ ಪತ್ರ ಇವತ್ತು ಬಂತು. ಎಷ್ಟು ಚೆನ್ನಾಗಿ ಬರೆದಿದ್ದೀರಿ. ಇಲ್ಲಿಂದಲೂ ಕಾಣಿಸಿತು. ನೀವು ಅಳೆದದ್ದು ಸರಿಯೇ, ಬಡಗು ದಡದ ಮೇಲಿತ್ತು. ನಮ್ಮ ಕಡೆ ಜೋರು ಮಳೆ ಬಂತು, ಅಷ್ಟೇ. ಬಳ್ಳಿಗಳೆಲ್ಲ ಚೆನ್ನಾಗಿವೆ. ಮೈಲುತುತ್ತ ಹೊಡೆದಿದ್ದೇನೆ.

ನೀವು ನಿಧಾನವಾಗಿ ಹೋಗಿ. ಅವಸರ ಮಾಡಬೇಡಿ. ಇಲ್ಲಿ ನಿಮ್ಮ ಅಗತ್ಯ ಬೀಳುವಂಥದ್ದು ಏನೂ ಇಲ್ಲ.

ಮಾಯೆಲ್


ಜೆನ್
20 ಜುಲೈ

ಮಾಯೆಲ್,

ನಿನ್ನ ಎರಡೂ ಪತ್ರಗಳು ಸೌಮುರ್‌ನಲ್ಲಿ ಸಿಕ್ಕವು. ಮಳೆ ಬಂತೆಂದು ಬರೆದಿದ್ದೀಯ. ಸರಿ.

ಸೌಮುರ್‌ನಲ್ಲಿ ನಾಲ್ಕು ದಿನ ನಿಂತುಬಿಟ್ಟೆ. ಮೊಣಕಾಲು ನೋವು. ನಿನ್ನೆಯಿಂದ ಮತ್ತೆ ತುಳಿಯುತ್ತಿದ್ದೇನೆ.

ಸೌಮುರ್ ಆದಮೇಲೆ ದಾರಿ ಬಿಳಿ ಸುಣ್ಣಕಲ್ಲಿನ ಬಂಡೆಯ ಬುಡದಲ್ಲೇ ಸಾಗುತ್ತದೆ. ಬಂಡೆಯೊಳಗೆ ಮನೆಗಳು. ಕಲ್ಲು ಕೊರೆದು ಬಾಗಿಲಿಟ್ಟಿದ್ದಾರೆ, ಕಿಟಕಿಗೆ ಪರದೆ ಕಟ್ಟಿದ್ದಾರೆ, ಬಂಡೆಯ ನೆತ್ತಿಯಲ್ಲಿ ಹೊಗೆಗೂಡು. ಅದರ ಮೇಲೆ ಬಳ್ಳಿಯ ಸಾಲು. ಬಳ್ಳಿಯ ಬೇರು ಇಳಿದು ಯಾರದೋ ಮಲಗುವ ಮನೆಯ ಸೂರಿನಲ್ಲಿ ಕಾಣುತ್ತದಂತೆ. ಒಬ್ಬಾಕೆ ಒಳಗೆ ಕರೆದು ತೋರಿಸಿದಳು. ಕೂದಲೆಳೆಯಂಥ ಬೇರುಗಳು, ಆರು ಮೀಟರ್ ಕಲ್ಲನ್ನು ತೂರಿಕೊಂಡು ಬಂದಿವೆ. ಮುಟ್ಟಿ ನೋಡಿದೆ. ಮೇಲೆ ಏನೇ ಆಗಲಿ ಇವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ ಮಾಯೆಲ್.

ಇನ್ನೊಂದು ಮನೆಯ ಗೋಡೆಯಲ್ಲಿ ನೆರೆ ಬಂದ ವರ್ಷಗಳನ್ನು ಗೆರೆ ಕೊರೆದು ಬರೆದಿದ್ದಾರೆ. 1910ರದ್ದು ನನ್ನ ಸೊಂಟಕ್ಕೆ. 1856ರ ಗೆರೆ ನನ್ನ ತಲೆಗಿಂತ ಒಂದು ಕೈ ಮೇಲೆ. ಈಗ ಅದೇ ನದಿ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ಸಾಧುವಾಗಿ ಹರಿಯುತ್ತಿದೆ. ಆ ಗೆರೆಯ ಕೆಳಗೇ ಮನೆಯ ಯಜಮಾನ ಟೊಮೆಟೊ ಗಿಡ ಹಚ್ಚಿದ್ದಾನೆ. “ಮತ್ತೆ ಬಂದ್ರೆ?” ಎಂದೆ. “ಬಂದ್ರೆ ಇನ್ನೊಂದು ಗೆರೆ ಹಾಕ್ತೀವಿ” ಎಂದ.

ಊಟ ಸರಿಯಾಗಿ ಮಾಡು. ಹೊತ್ತುಹೊತ್ತಿಗೆ ಮಾಡು.

ಓಡಿಲ್


ಬ್ರೆಸಿನಿ
24 ಜುಲೈ

ಅತ್ತೆ,

ಈ ಪತ್ರ ಶಾಲೋನ್‌ಗೆ. ಮೊಣಕಾಲು ಹೇಗಿದೆ?

ಬಂಡೆಮನೆಗಳ ಬಗ್ಗೆ ಓದಿದೆ. ಎಲ್ಲ ಓದಿದೆ. ಆದರೆ ಆ ಇಡೀ ಪತ್ರದಲ್ಲಿ ನಮ್ಮ ತೋಟ ಎಂಬ ಒಂದು ಮಾತಿಲ್ಲ. ಹೊರಟ ದಿನ ಎಲೆ ಯಾವ ಕಡೆ ಕೀಳಬೇಕೆಂದು ಬರೆದವರು, ಈಗ ಫಸಲು ಹೇಗಿದೆ ಎಂದೂ ಕೇಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ನೀವು ಹೇಳಿಕೊಟ್ಟ ಲೆಕ್ಕವೇ ಇದು: ಮಾರಲು ಮನಸ್ಸು ಮಾಡಿದ ದನದ ಮೈ ಯಾರೂ ಸವರುವುದಿಲ್ಲ.

ಸಿಲ್ವಾನ್ ಫೋನ್ ಮಾಡಿದ್ದ. “ಅಮ್ಮ ಮಾತಾಡಿದ್ಲಾ?” ಎಂದ. ಇಲ್ಲ ಎಂದೆ. “ಫಸಲು?” ಎಂದ. ಚೆನ್ನಾಗಿದೆ ಎಂದೆ. ನಕ್ಕು “ನೀನು ಮೀನುಗಾರರ ಮಗಳು ಮಾಯೆಲ್, ನಿಂಗೆ ಮಣ್ಣಿನ ಉಸಾಬರಿ ಯಾಕೆ?” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಫೋನ್ ಇಟ್ಟು ಬಳ್ಳಿಗಳ ಕಡೆ ಹೋದೆ.

ತೀರ್ಮಾನವಾಗಿದ್ದರೆ ಹೇಳಿಬಿಡಿ ಅತ್ತೆ. ನಾನು ಕಾಯಬಲ್ಲೆ, ಆದರೆ ಗೊತ್ತಿಲ್ಲದೆ ಕಾಯುವುದು ಕಷ್ಟ.

ಮಾಯೆಲ್


ಶಾಲೋನ್
28 ಜುಲೈ

ಮಾಯೆಲ್,

ನನಗೆ ಇನ್ನೂ ಸಮುದ್ರ ಸಿಕ್ಕಿಲ್ಲ. ಸಿಗುವವರೆಗೆ ಕೇಳಬೇಡ.

ಇಲ್ಲಿ ನದಿ ಆರೇಳು ಕವಲಾಗಿ ಒಡೆದು ಹೋಗುತ್ತದೆ, ಯಾವುದು ನದಿ ಯಾವುದು ಕಾಲುವೆ ತಿಳಿಯುವುದಿಲ್ಲ. ಮರಳಿನ ಮೇಲೆ ಕೊಕ್ಕರೆಗಳು ಮೀಟಿಂಗಿಗೆ ಬಂದವರಂತೆ ನಿಂತಿದ್ದವು. ನಾನು ಹತ್ತಿರ ಹೋದೊಡನೆ ಎಲ್ಲ ಒಟ್ಟಿಗೆ ಎದ್ದವು. ಇಷ್ಟು ರೆಕ್ಕೆಯ ಸದ್ದು ನಾನು ಕೇಳಿರಲಿಲ್ಲ. ಸೈಕಲ್ ಕೈಬಿಟ್ಟು ಬಿತ್ತು, ಚೈನು ಕಳಚಿತು. ಅದನ್ನು ಹಾಕಿಕೊಳ್ಳುತ್ತ ಕೂತಾಗ ಒಂದು ಹಳೆಯ ವಿಷಯ ನೆನಪಾಯಿತು, ಬರೆಯುತ್ತೇನೆ.

1963. ನನಗೆ ಇಪ್ಪತ್ಮೂರು, ಮದುವೆಯಾಗಿ ಮೂರು ತಿಂಗಳು. ಅತ್ತೆಯ ಕಣ್ಣಿಗೆ ಚುರುಕಿನವಳು ಅನ್ನಿಸಿಕೊಳ್ಳಬೇಕೆಂಬ ಹುಚ್ಚು. ತಗ್ಗಿನ ತೋಟವನ್ನು ಎಲ್ಲರಿಗಿಂತ ಮುಂಚೆ, ಜನವರಿಯಲ್ಲೇ ಸವರಿ ಮುಗಿಸಿಬಿಟ್ಟೆ. ಬೇಗ ಸವರಿದ ಬಳ್ಳಿ ಬೇಗ ಚಿಗುರುತ್ತದೆ. ಏಪ್ರಿಲ್‌ನಲ್ಲಿ ಹಿಮ ಬಿತ್ತು. ಬೆಳಗ್ಗೆ ಹೋಗಿ ನೋಡಿದರೆ ಚಿಗುರೆಲ್ಲ ಚಹಾದ ಸೊಪ್ಪಿನಂತೆ ಕಪ್ಪಗೆ. ಸಾಲಿನ ಮಧ್ಯೆ ಮಲಗಿ ಅತ್ತುಬಿಟ್ಟೆ. ನಮ್ಮತ್ತೆ ಬಂದರು. ಬೈಯಲಿಲ್ಲ. ನನ್ನ ಕೈಯಿಂದ ಸವರುವ ಕತ್ತರಿ ತೆಗೆದುಕೊಂಡು ಹೋಗಿ ಅಡುಗೆಮನೆಯ ಮೊಳೆಗೆ ತಗುಲಿಸಿದರು. ಹನ್ನೊಂದು ವರ್ಷ ಮಾಯೆಲ್. ಹನ್ನೊಂದು ವರ್ಷ ನಾನು ಆ ಮೊಳೆಯ ಕೆಳಗೆ ಆಲೂಗೆಡ್ಡೆ ಸುಲಿದೆ. ಅವರು ತೀರಿಕೊಂಡ ವಾರವೇ ಅದನ್ನು ಇಳಿಸಿಕೊಂಡೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬರುವಷ್ಟರಲ್ಲಿ ನನಗೆ ಮೂವತ್ತನಾಲ್ಕು. ಯಾಕೆ ಬರೆದೆನೋ ಗೊತ್ತಿಲ್ಲ.

ಓಡಿಲ್


ಬ್ರೆಸಿನಿ
1 ಆಗಸ್ಟ್

ಅತ್ತೆ,

ಇದು ಸಾಂ-ಬ್ರೆವೆನ್‌ನಲ್ಲಿ ನಿಮಗೆ ಸಿಗುತ್ತದೆ. ಅಲ್ಲಿಗೆ ನಿಮ್ಮ ನದಿ ಮುಗಿದಿರುತ್ತದೆ, ಆದ್ದರಿಂದ ಇನ್ನು ಹೇಳಬಹುದು.

ಮೊಳೆಯ ಕಥೆ ಅರ್ಥವಾಯಿತು. ನಿಮಗೆ ಯಾರೋ ಹೇಳಿದ್ದಾರೆ. ನಾನೂ ಹೇಳುತ್ತೇನೆ: ಜುಲೈ ಹದಿಮೂರಕ್ಕೆ ಆಲಿಕಲ್ಲು ನಮ್ಮ ಮೇಲೆ ಬಿತ್ತು. ಗೋಡೆಯ ತೋಟ ಹೋಯಿತು. ನೀವು ಬೇಡವೆಂದರೂ ಎರಡೂ ಕಡೆಯ ಎಲೆ ಕಿತ್ತಿದ್ದೆ, ಅದಕ್ಕೇ ಅಷ್ಟು ಹೋಯಿತು. ಆಮೇಲೆ ಸುಳ್ಳು ಬರೆದೆ. ನೀವು ಆ ಮೋಡವನ್ನು ಅಷ್ಟು ಸಂತೋಷದಿಂದ ನೋಡಿದ್ದಿರಿ. ಅದನ್ನು ಹಾಳು ಮಾಡಬಾರದು ಎಂಬುದು ಅರ್ಧ ಕಾರಣ. ಇನ್ನರ್ಧ ನನ್ನ ಹೆದರಿಕೆ.

ಕೊಯ್ಲು ಮುಗಿಸಿಕೊಟ್ಟು ದುಆರ್ನೆನೆಗೆ, ನನ್ನ ಅಣ್ಣನ ಮನೆಗೆ ಹೋಗುತ್ತೇನೆ. ಕತ್ತರಿಯನ್ನು ನಾನೇ ಮೊಳೆಗೆ ತಗುಲಿಸಿದ್ದೇನೆ, ನಿಮಗೆ ಆ ತೊಂದರೆ ಬೇಡ. ಸಿಲ್ವಾನ್‌ಗೆ ಏನು ಹೇಳಬೇಕೋ ಹೇಳಿ.

ಮಾಯೆಲ್


ಸಾಂ-ಬ್ರೆವೆನ್
5 ಆಗಸ್ಟ್

ಮಗಳೇ,

ಬಂದು ಮುಟ್ಟಿದೆ. ಮುನ್ನೂರ ಐವತ್ತು ಕಿಲೋಮೀಟರ್ ಮೇಲಾಯಿತು, ನಾಲ್ಕು ಪಂಕ್ಚರ್.

ಮೊದಲು ನಾಂತ್‌ನಲ್ಲಿ ಆದದ್ದು ಹೇಳುತ್ತೇನೆ. ಸೇತುವೆಯ ಹತ್ತಿರ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದೆ. ನೀರಿನಲ್ಲಿ ಒಂದು ಕೊಂಬೆ ತೇಲಿ ಬಂತು, ಸಮುದ್ರದ ಕಡೆಯಿಂದ ಊರಿನ ಕಡೆಗೆ. ನದಿ ಹಿಂದಕ್ಕೆ ಹರಿಯುತ್ತಿತ್ತು! ನನಗೆ ತಲೆ ಕೆಟ್ಟಿತು, ಬಿಸಿಲು ಹೊಡೆಯಿತು ಎಂದುಕೊಂಡೆ. ಪಕ್ಕದಲ್ಲಿದ್ದವನ ತೋಳು ಹಿಡಿದು “ಸ್ವಾಮೀ, ನದಿ ಉಲ್ಟಾ ಹೋಗ್ತಿದೆ” ಎಂದೆ. ಅವನು ಪತ್ರಿಕೆಯಿಂದ ತಲೆಯೆತ್ತದೆ “ಸಮುದ್ರದ ಉಬ್ಬರ ಕಣಮ್ಮಾ. ದಿನಾ ಎರಡು ಸಲ ಹೋಗುತ್ತೆ” ಎಂದ. ದಿನಾ ಎರಡು ಸಲ! ಲ್ವಾರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಎಪ್ಪತ್ತು ವರ್ಷ ಊರಿಗೆ ಪಾಠ ಹೇಳಿದವಳು ನಾನು. ಆಲಿಕಲ್ಲನ್ನು ತಡೆಯುತ್ತದೆ ಎಂದವಳೂ ನಾನೇ.

ಇವತ್ತು ಬೆಳಗ್ಗೆ ಸಮುದ್ರ. ಮರಳದಿಬ್ಬ ಹತ್ತಿ, ಪೈನ್ ಮರಗಳ ಸಂದಿಯಿಂದ ಹೊರಗೆ ಬಂದೆ. ಸೈಕಲ್ ಅಲ್ಲೇ ಒರಗಿಸಿದೆ. ಮಾಯೆಲ್, ಎದುರಿಗೆ ದಡವೇ ಇಲ್ಲ! ಜನ್ಮವೆಲ್ಲ ನಾನು ನೋಡಿದ ನೀರಿಗೆ ಒಂದು ಆಚೆ ದಡ ಇತ್ತು, ಅಲ್ಲಿ ನಾವು ಬೈಯುವ ಜನ ಇದ್ದರು. ಇಲ್ಲಿ ಯಾರನ್ನು ಬೈಯಲಿ? ಚಪ್ಪಲಿ ತೆಗೆದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಇಳಿದೆ. ನೀರು ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು, ಮತ್ತೆ ಬಂತು. ಮಗುವಿನಂತೆ ಕೂಗಿಬಿಟ್ಟೆ.

ಆಮೇಲೆ ನಿನ್ನ ನೆನಪಾಯಿತು. ನೀನು ಹುಟ್ಟಿದ್ದು ಇದರ ಮುಂದೆ. ಇಷ್ಟನ್ನು ಬಿಟ್ಟು, ನನ್ನ ಮಗನನ್ನು ನಂಬಿ ನಮ್ಮ ಜೇಡಿಮಣ್ಣಿಗೆ ಬಂದೆ. ಅವನು ಹೋದಮೇಲೂ ನಿಂತೆ. ನಾನು ಒಂದು ದಿನವಾದರೂ ಕೇಳಿದೆನೇ, ನಿನಗೆ ಸಮುದ್ರ ನೆನಪಾಗುತ್ತದೆಯೇ ಎಂದು? ಕೇಳಲಿಲ್ಲ. ತಪ್ಪು ನನ್ನದು.

ಈಗ ನಾನು ಮುಚ್ಚಿಟ್ಟದ್ದು. ಸೌಮುರ್ ಸಂತೆಯಲ್ಲಿ, ಶನಿವಾರ, ಕರಬೂಜ ಮಾರುವವನು ಕೇಳಿದ: “ಬ್ರೆಸಿನಿಯವ್ರಾ? ಅಯ್ಯೋ, ನಿಮ್ಮ ದಡ ಪೂರ್ತಿ ಹೊಡ್ದೋಯ್ತಂತಲ್ಲ!” ಹಣ್ಣು ಅಲ್ಲೇ ಬಿಟ್ಟೆ. ಮೊಣಕಾಲು ನೋವು ಎಂದದ್ದು ಸುಳ್ಳು. ಸೋಮವಾರದ ಮೊದಲ ರೈಲಿಗೆ ಸೈಕಲ್ ಹಾಕಿಕೊಂಡು ತೂರ್‌ಗೆ ಬಂದೆ, ಅಲ್ಲಿಂದ ತುಳಿದೆ. ದಾರಿಯುದ್ದಕ್ಕೂ ನಿನಗೆ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬೇಕಾದಷ್ಟಿದ್ದವು.

ನದಿಯ ಏರಿಯ ಮೇಲೆ ಪಾಪ್ಲರ್ ಮರಗಳ ಹಿಂದೆ ನಿಂತೆ. ಅಲ್ಲಿಂದ ಗೋಡೆಯೊಳಗೆಲ್ಲ ಕಾಣುತ್ತದೆ. ಎರಡೂ ಕಡೆ ಎಲೆಯಿಲ್ಲದ ಬಳ್ಳಿ ನೋಡಿದೆ, ಏನಾಯಿತೆಂದು ಒಂದೇ ನೋಟಕ್ಕೆ ತಿಳಿಯಿತು. ಆಮೇಲೆ ನಿನ್ನನ್ನು ನೋಡಿದೆ. ನೀನು ಮುರಿದ ಕುಡಿಗಳನ್ನು ಗಾಯದ ಕೆಳಗೆ, ಸರಿಯಾಗಿ ಚಿಗುರೊಡೆಯುವ ಕಣ್ಣಿನ ಮೇಲೆ ಕತ್ತರಿಸುತ್ತಿದ್ದೆ. ಒಡೆದ ಗೊಂಚಲು ಬುಟ್ಟಿಗೆ, ಉಳಿದದ್ದಕ್ಕೆ ಕೈಯಲ್ಲೇ ಔಷಧಿ ಪುಡಿ ಎರಚುತ್ತಿದ್ದೆ. ಒಬ್ಬಳೇ. ಅರ್ಧ ತೋಟ ಆಗಲೇ ಮುಗಿದಿತ್ತು. ಒಂದು ಸಲ ನೀನು ಬುಟ್ಟಿ ಬೋರಲು ಹಾಕಿ ಕೂತು, ಮುಖ ಮುಚ್ಚಿಕೊಂಡೆ. ನಾನು ಏರಿಯಿಂದ ಇಳಿಯಲು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ನೀನು ಎದ್ದು ಮುಂದಿನ ಬಳ್ಳಿಗೆ ಹೋದೆ.

ನಾನು ಇಪ್ಪತ್ಮೂರರಲ್ಲಿ ಸಾಲಿನ ಮಧ್ಯೆ ಮಲಗಿದವಳು. ನೀನು ಎದ್ದೆ.

ಇಳಿದು ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. “ಕೊಡಿಲ್ಲಿ” ಎಂದು ಕತ್ತರಿಗೆ ಕೈ ಚಾಚುತ್ತಿದ್ದೆ. ಅದು ಬೇಡವೆಂದು ಸೈಕಲ್ ತಿರುಗಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಭಾರದ ಪೆಡಲ್ ತುಳಿದಿಲ್ಲ ಮಗಳೇ. ಮಾರನೆಯ ದಿನ ಸೌಮುರ್‌ನಲ್ಲಿ “ಬಳ್ಳಿಗಳೆಲ್ಲ ಚೆನ್ನಾಗಿವೆ” ಎಂಬ ನಿನ್ನ ಪತ್ರ ಓದಿ ಅತ್ತುಬಿಟ್ಟೆ. ಫಸಲಿನ ಬಗ್ಗೆ ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಅದಕ್ಕೇ ಕೇಳಲಿಲ್ಲ. ಮೊಳೆಯ ಕಥೆ ಬರೆದದ್ದೂ ನಾನು ನಮ್ಮತ್ತೆಯಂತಾಗುವುದಿಲ್ಲ ಎಂದು ಹೇಳಲು. ಅಂಚೆಗೆ ಹಾಕಿದ ಮೇಲೆ ಹೊಳೆಯಿತು, ಅದನ್ನು ಓದಿದರೆ ಹಾಗೆ ಅನ್ನಿಸುವುದೇ ಇಲ್ಲ ಎಂದು. ನನಗೆ ಬೈಯಲು ಬರುತ್ತದೆ. ಈ ಥರದ್ದು ಬರೆಯಲು ಬರುವುದಿಲ್ಲ.

ಇನ್ನು ತೀರ್ಮಾನ. ನಾನು ಸತ್ತಮೇಲೆ ಮಣ್ಣು ಸಿಲ್ವಾನ್‌ಗೆ ಹೋಗಬೇಕು, ಅದು ಕಾನೂನು, ಅವನು ನನ್ನ ಮಗ. ಆದರೆ ಆ ಮಣ್ಣಿನಲ್ಲಿ ಬಳ್ಳಿ ಯಾರು ಬೆಳೆಸಬೇಕೆಂದು ಹದಿನೆಂಟು ವರ್ಷದ ಗೇಣಿಪತ್ರ ಬರೆಯುವ ಹಕ್ಕು ನನಗಿದೆ. ನಾಂತ್‌ನಿಂದ ನೋಟರಿಗೆ ಫೋನ್ ಮಾಡಿದೆ. ನಿನ್ನ ಹೆಸರಿಗೆ ತಯಾರಿಸುತ್ತಿದ್ದಾರೆ. ಸಿಲ್ವಾನ್ ಬರಲಿ, ಊಟ ಹಾಕೋಣ, ಅವನ ಮುಂದೆಯೇ ಸಹಿ ಮಾಡುತ್ತೇನೆ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಈ ವರ್ಷದ ಕೊಯ್ಲಿನ ದಿನವನ್ನು ನೀನೇ ಗೊತ್ತುಮಾಡು, ನನ್ನನ್ನು ಕೇಳಬೇಡ. ಕೊಯ್ಯುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡು ಒಂದು ಸಾಲು ಕೊಡು.

ಅಂಚೆ ಕಚೇರಿಯಲ್ಲಿ ನಿನ್ನ ಪತ್ರ ಸಿಕ್ಕಿತು. ಇಲ್ಲೇ ಮೇಜಿನ ಮೇಲಿದೆ, ಒಡೆದಿಲ್ಲ. ಬಹಳ ತೆಳ್ಳಗಿದೆ, ಒಂದೇ ಹಾಳೆ ಇರಬೇಕು. ನಿಜ ಹೇಳುವಾಗ ನೀನು ಚಿಕ್ಕದಾಗಿ ಹೇಳುವವಳು, ಆದ್ದರಿಂದ ಸ್ವಲ್ಪ ಹೆದರಿಕೆಯಾಗುತ್ತಿದೆ. ಮೊದಲು ಇದನ್ನು ಅಂಟಿಸಿ, ಅಂಚೆಚೀಟಿ ಹಚ್ಚಿ, ಬೀದಿಯ ಕೊನೆಯ ಡಬ್ಬಿಗೆ ಹಾಕಿ ಬರುತ್ತೇನೆ. ಇದು ಡಬ್ಬಿಯ ತಳ ಮುಟ್ಟಿದ ಸದ್ದು ಕೇಳಿದ ಮೇಲೆ ನಿನ್ನದನ್ನು ಒಡೆಯುತ್ತೇನೆ.

ಓಡಿಲ್